ಹಾಸು, ಹೊಕ್ಕು ಮತ್ತು ಬಿಗಿ

ಕ್ರೀಡಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ‘ಗಟ್ಟಿಂಗ್’ ಎಂಬ ಒಂದು ಮಾತು ಚಾಲ್ತಿಯಲ್ಲಿದೆ. ಷಟಲ್ ಬ್ಯಾಟಿನದೋ ಟೆನಿಸ್ ರ‍್ಯಾಕೆಟ್ಟಿನದೋ ತಂತಿ ಕಿತ್ತುಹೋದರೆ ಹೊಸ ತಂತಿ ಹೆಣೆಸುವ ಕೆಲಸಕ್ಕೆ ಈ ಹೆಸರು. ಕುಂದಲಹಳ್ಳಿ ಗೇಟಿನಿಂದ ಬ್ರೂಕ್‌ಫೀಲ್ಡಿನ ಕಡೆಗೆ ನಡೆಯುವಾಗ ಈ ಮಾತು ನನ್ನ ಕಿವಿಗೂ ಎಷ್ಟೋ ಸಲ ಬಿದ್ದಿದೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನು ನಮ್ಮ ‘ಗಟ್ಟಿ’ಗೆ ಇಂಗ್ಲಿಷಿನ ಬಾಲ ಅಂಟಿಸಿ ಮಾಡಿದ ಪದವೆಂದೇ ತಿಳಿದಿದ್ದಾರೆ. ತಂತಿಯನ್ನು ಬಿಗಿಯಾಗಿ, ಗಟ್ಟಿಯಾಗಿ ಎಳೆದು ಕಟ್ಟುವುದರಿಂದ ಆ ಊಹೆಯೇನೂ ತೀರಾ ಅಸಂಬದ್ಧವಲ್ಲ. ಆದರೆ ಪದದ ಹುಟ್ಟು ಬೇರೆ. ಇಂಗ್ಲಿಷಿನಲ್ಲಿ ‘ಗಟ್’ ಎಂದರೆ ಕರುಳು. ಇಂದು ಆ ಅಂಗಡಿಗಳಲ್ಲಿ ಕಟ್ಟುವ ತಂತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ನೈಲಾನೋ ಪಾಲಿಯೆಸ್ಟರೋ ಆಗಿದ್ದರೆ ಆಶ್ಚರ್ಯವಿಲ್ಲ. ಕರುಳು ಹೋಯಿತು, ಹೆಸರು ಉಳಿಯಿತು. ಇತಿಹಾಸ ಕಲಿಸುವ ನನ್ನಂಥವಳಿಗೆ ಇಂಥ ಪದಗಳೆಂದರೆ ಹಳೆಯ ಕಾಲದ ನಾಣ್ಯ ಸಿಕ್ಕಿದಷ್ಟೇ ಖುಷಿ.

ಟೆನಿಸ್ ಎಂದರೆ ನಮಗೂ ಅದಕ್ಕೂ ಏನು ಸಂಬಂಧ ಎಂದು ಓದುಗ ಸೋದರಿಯರು ಪುಟ ತಿರುವಬೇಡಿ. ಈ ತಂತಿಯ ಕಥೆಯಲ್ಲಿ ವೀಣೆಯಿದೆ, ಸೀರೆಯಿದೆ, ಬಾಣಂತಿಕೋಣೆಯಿದೆ. ಕೊನೆಗೆ ಒಂದು ಮಗುವಿನ ಮೊಣಕೈಯೂ ಇದೆ.

ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್ ಎಂಬ ಬ್ರಿಟಿಷ್ ಮೇಜರ್ ಹುಲ್ಲುಹಾಸಿನ ಟೆನಿಸ್ಸಿಗೆ 1874ರಲ್ಲಿ ಪೇಟೆಂಟ್ ಪಡೆದ. ಮರುವರ್ಷವೇ, ಅಂದರೆ 1875ರಲ್ಲಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ ಪಿಯೆರ್ ಬಾಬೊಲಾ ಎಂಬಾತ ಈ ಆಟಕ್ಕೆಂದೇ ಕರುಳಿನ ತಂತಿ ಹೊಸೆಯಲಾರಂಭಿಸಿದ. ಆತನ ಮನೆತನದ ಕಸುಬು ಅದಕ್ಕೆ ಮೊದಲೇ ಕರುಳಿನದು; ಸಂಗೀತ ವಾದ್ಯಗಳಿಗೆ ತಂತಿ ಮಾಡಿಕೊಡುತ್ತಿದ್ದವರು ಅವರು. ಪಿಟೀಲಿಗೆ ಹೊಸೆದ ಕೈಯೇ ರ‍್ಯಾಕೆಟ್ಟಿಗೂ ಹೊಸೆಯಿತು. ನಮ್ಮಲ್ಲಿಯೂ ಸಾರಂಗಿಯ ಮುಖ್ಯ ತಂತಿಗಳು ಕರುಳಿನವೇ. ಇದನ್ನು ಇಂಗ್ಲಿಷಿನಲ್ಲಿ ‘ಕ್ಯಾಟ್‌ಗಟ್’ ಎನ್ನುತ್ತಾರಾದರೂ ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಮೊದಮೊದಲು ಕುರಿಯ ಕರುಳು, ಅನಂತರ ದನದ ಕರುಳು. ಕರುಳಿನ ಹೊರಪೊರೆಯನ್ನು ಶುಚಿಮಾಡಿ, ಉದ್ದುದ್ದ ಪಟ್ಟಿಗಳಾಗಿ ಸೀಳಿ, ಒದ್ದೆಯಿರುವಾಗಲೇ ಹಲವು ಎಳೆಗಳನ್ನು ಒಟ್ಟಿಗೆ ಹುರಿಮಾಡಿ, ನಿಧಾನವಾಗಿ ಒಣಗಿಸಿ, ಉಜ್ಜಿ ನಯಮಾಡುತ್ತಾರೆ. ಒಂದು ರ‍್ಯಾಕೆಟ್ಟಿಗೆ ಬೇಕಾಗುವ ಸುಮಾರು 12 ಮೀಟರ್ ತಂತಿಗೆ ಒಂದು ದನದ ಕರುಳು ಸಾಲುವುದಿಲ್ಲ.

ಈ ಕಸುಬು ನಮ್ಮ ದೇಶಕ್ಕೂ ಬಂತು. ಅವಿಭಜಿತ ಪಂಜಾಬಿನ ಸಿಯಾಲ್‌ಕೋಟಿನಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿಯ ಮುರಿದ ಟೆನಿಸ್ ರ‍್ಯಾಕೆಟ್ಟನ್ನು ಸ್ಥಳೀಯ ಕುಶಲಕರ್ಮಿಯೊಬ್ಬ ರಿಪೇರಿ ಮಾಡಿಕೊಟ್ಟದ್ದರಿಂದಲೇ ಅಲ್ಲಿನ ಕ್ರೀಡಾ ಸಾಮಗ್ರಿ ಉದ್ಯಮ ಶುರುವಾಯಿತೆಂದು ಆ ಊರಿನವರು ಹೇಳುತ್ತಾರೆ. 1947ರ ವಿಭಜನೆಯಲ್ಲಿ ಅಲ್ಲಿನ ಹಿಂದೂ ಕುಶಲಕರ್ಮಿಗಳು ಗುಳೆ ಬಂದು ಜಲಂಧರಿನಲ್ಲಿ ನೆಲೆನಿಂತರು. ಹಾಗೆಯೇ ಇಂದಿಗೂ ಜಲಂಧರ್ ನಮ್ಮ ದೇಶದ ಆಟದ ಸಾಮಾನಿನ ಊರು.

ಆ ಕಾಲದ ರ‍್ಯಾಕೆಟ್ ಮರದ್ದು. ಬಿಗಿಯಾದ ತಂತಿ ಮರವನ್ನು ಸೊಟ್ಟಗೆ ಮಾಡೀತೆಂದು ಆಟವಿಲ್ಲದಾಗ ಅದನ್ನು ನಾಲ್ಕು ಮೂಲೆಗೆ ತಿರುಪು ಇರುವ ಮರದ ಚೌಕಟ್ಟಿನಲ್ಲಿ ಬಿಗಿದಿಡುತ್ತಿದ್ದರು. 1934ರಲ್ಲಿ ವಿಂಬಲ್ಡನ್ನಿನಲ್ಲಿ ಪಂದ್ಯವೊಂದನ್ನು ಗೆದ್ದ ಮೊದಲ ಭಾರತೀಯ ಮಹಿಳೆ ಲೀಲಾ ರಾವ್. ಸಂಸ್ಕೃತ ಸಾಹಿತಿ ಪಂಡಿತಾ ಕ್ಷಮಾ ರಾವ್ ಅವರ ಮಗಳು ಆಕೆ. ಆಕೆ ಆಡಿದ ಕಾಲ ಮರದ ಚೌಕಟ್ಟು ಮತ್ತು ಕರುಳಿನ ತಂತಿಯ ಕಾಲ. ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ 1970ರ ದಶಕದಲ್ಲಿ ಅದೇ ಮರದ ಚೌಕಟ್ಟಿಗೆ ಸುಮಾರು 80 ಪೌಂಡ್ ಬಿಗಿಯಲ್ಲಿ ಕರುಳಿನ ತಂತಿ ಕಟ್ಟಿಸುತ್ತಿದ್ದ. ಉಳಿದವರ ಬಿಗಿ 50-60ರ ಆಸುಪಾಸು. ರಾತ್ರಿ ಹೋಟೆಲ್ ಕೋಣೆಯಲ್ಲಿ ಯಾರೂ ಮುಟ್ಟದೆಯೇ ಆತನ ರ‍್ಯಾಕೆಟ್ಟಿನ ತಂತಿಗಳು ಪಟ್ಟೆಂದು ಹರಿದು ಎಲ್ಲರನ್ನೂ ಎಬ್ಬಿಸುತ್ತಿದ್ದುವಂತೆ.

ಇಲ್ಲಿ ಬಿಗಿ ಎಂದರೇನು ಎಂಬುದನ್ನು ಸ್ವಲ್ಪ ಹೇಳಬೇಕು. ಅಂಗಡಿಯಾತ “ಎಷ್ಟು ಟೆನ್ಷನ್ ಹಾಕಲಿ ಮೇಡಂ?” ಎಂದು ಕೇಳುತ್ತಾನೆ. ಇರುವ ಟೆನ್ಷನ್ನೇ ಸಾಕಪ್ಪ ಎನ್ನಬೇಕೆನಿಸುತ್ತದೆ! ಅವನು ಕೇಳುವುದು, ಒಂದೊಂದು ತಂತಿಯನ್ನು ಎಷ್ಟು ಪೌಂಡ್ ಬಲದಿಂದ ಎಳೆದು ಕಟ್ಟಲಿ ಎಂದು. 55 ಪೌಂಡ್ ಎಂದರೆ ಸುಮಾರು 25 ಕಿಲೋ, ಒಂದು ಅಕ್ಕಿಮೂಟೆಯ ಭಾರ. ಸಡಿಲವಾದರೆ ತಂತಿ ಜೋಕಾಲಿಯಂತೆ ಚೆಂಡನ್ನು ಒಳಗೆ ತೆಗೆದುಕೊಂಡು ದೂರಕ್ಕೆ ಚಿಮ್ಮಿಸುತ್ತದೆ. ಚೆಂಡು ವೇಗವಾಗಿ ಹೋಗುತ್ತದೆ, ಆದರೆ ಗೆರೆ ದಾಟಿ ಬೀಳುವ ಭಯ. ಬಿಗಿಯಾದರೆ ಚೆಂಡು ಹೇಳಿದ ಮಾತು ಕೇಳುತ್ತದೆ, ಆದರೆ ಶಕ್ತಿಯೆಲ್ಲ ಆಡುವವರ ತೋಳಿನಿಂದಲೇ ಬರಬೇಕು, ಹೊಡೆತದ ಅದಿರು ಮೊಣಕೈಗೆ ಬಡಿಯುತ್ತದೆ. ಬುದ್ಧ ತನ್ನ ಶಿಷ್ಯ ಸೋಣನಿಗೆ, ಅವನು ಮೊದಲು ವೀಣೆ ನುಡಿಸುತ್ತಿದ್ದವನಾದ್ದರಿಂದ, ಅತಿ ಬಿಗಿಯೂ ಅಲ್ಲದ ಅತಿ ಸಡಿಲವೂ ಅಲ್ಲದ ತಂತಿಯ ಉದಾಹರಣೆಯಿಂದಲೇ ಬುದ್ಧಿ ಹೇಳಿದ ಕಥೆ ನಿಮಗೆ ಗೊತ್ತಿದ್ದೀತು. ತಂಬೂರಿ ಶ್ರುತಿ ಮಾಡಿದವರಿಗಂತೂ ಇದನ್ನು ಬಿಡಿಸಿ ಹೇಳಬೇಕಾದ್ದೇ ಇಲ್ಲ.

ಕರುಳಿನ ತಂತಿಯ ದೊಡ್ಡ ಗುಣವೆಂದರೆ ಎಷ್ಟು ಎಳೆದು ಕಟ್ಟಿದರೂ ಅದರ ಹಿಗ್ಗುವ ಸ್ವಭಾವ ಉಳಿದಿರುತ್ತದೆ. ಕಟ್ಟಿದ ಬಿಗಿಯನ್ನೂ ಬಹುಕಾಲ ಕಾಯ್ದುಕೊಳ್ಳುತ್ತದೆ. ಕೈಗೆ ಅದರಷ್ಟು ಹಿತವಾದ ತಂತಿ ಇನ್ನೊಂದಿಲ್ಲವೆಂದು ಆಡಿದವರು ಹೇಳುತ್ತಾರೆ. ದೋಷ ಎರಡು: ಬೆಲೆ ಹಲವು ಪಟ್ಟು ಹೆಚ್ಚು, ಮತ್ತು ತೇವವನ್ನು ಅದು ತಾಳದು. ನಮ್ಮ ಬೆಂಗಳೂರಿನ ಜಡಿಮಳೆಯಲ್ಲಿ ನೆನೆದರೆ ಎಳೆ ಉಬ್ಬಿ ಸಿಪ್ಪೆಯೇಳುತ್ತದೆ.

ಇನ್ನು ಪಾಲಿಯೆಸ್ಟರಿನ ಕಥೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಕಂಡುಹಿಡಿದ ನೂಲು ಟೆರಿಲೀನ್. ನಮ್ಮ ಅಪ್ಪಂದಿರ ಟೆರಿಲೀನ್ ಷರ್ಟು, ನಮ್ಮ ಶಾಲಾ ಸಮವಸ್ತ್ರದ ಟೆರಿಕಾಟ್, ಒಗೆದು ಒದರಿದರೆ ಒಣಗುತ್ತಿದ್ದ ಪಾಲಿಯೆಸ್ಟರ್ ಸೀರೆ ಎಲ್ಲವೂ ಆ ವಂಶದವು. ಇಸ್ತ್ರಿ ಬೇಡ, ಬಣ್ಣ ಹೋಗದು, ಅಗ್ಗ. ಆದರೆ ಬೇಸಿಗೆಯಲ್ಲಿ ಉಟ್ಟವರಿಗೆ ಗೊತ್ತು ಅದರ ಸಂಕಟ! ಟೆನಿಸ್ ತಂತಿಯಲ್ಲೂ ಅದರ ಗುಣ ಹಾಗೆಯೇ: ಬಾಳಿಕೆ ಉಂಟು, ಮೈಗೆ ಹಿತವಿಲ್ಲ. ಬೆಲ್ಜಿಯಂನ ಲಕ್ಸಿಲಾನ್ ಎಂಬ ಕಂಪನಿ ಶಸ್ತ್ರಚಿಕಿತ್ಸೆಯ ಹೊಲಿಗೆಗೂ ಹೆಂಗಸರ ಒಳಉಡುಪಿಗೂ ಬೇಕಾದ ಕೃತಕ ಎಳೆಗಳನ್ನು ತಯಾರಿಸುತ್ತಿತ್ತು. ಅದೇ ಕಂಪನಿಯ ಪಾಲಿಯೆಸ್ಟರ್ ತಂತಿ ಕಟ್ಟಿಸಿಕೊಂಡು 1997ರಲ್ಲಿ ಬ್ರೆಜಿಲ್ಲಿನ ಗುಸ್ತಾವೊ ಕುಯರ್ಟನ್ ಫ್ರೆಂಚ್ ಓಪನ್ ಗೆದ್ದ. ಆಗ ಅವನದು ಜಗತ್ತಿನಲ್ಲಿ 66ನೆಯ ಸ್ಥಾನ. ಅದೇ ವರ್ಷ ಅದೇ ಅಂಗಳದಲ್ಲಿ ನಮ್ಮ ಮಹೇಶ ಭೂಪತಿ ಜಪಾನಿನ ರಿಕಾ ಹಿರಾಕಿಯವರೊಂದಿಗೆ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ಚೆನ್ನೈಯಲ್ಲಿ ಹುಟ್ಟಿ ಬೆಂಗಳೂರನ್ನು ನೆಲೆಮಾಡಿಕೊಂಡವರು ಅವರು. ಪತ್ರಿಕೆಗಳೆಲ್ಲ ಆಟಗಾರರ ಮುಖ ನೋಡಿದುವು. ತಂತಿಯ ಕಡೆಗೆ ಕಣ್ಣು ಹಾಯಿಸಿದವರು ಕೆಲವರೇ.

ಪಾಲಿಯೆಸ್ಟರಿನ ಮಹಿಮೆ ಅದರ ಜಾರುವಿಕೆಯಲ್ಲಿದೆ. ಚೆಂಡು ತಾಗಿದಾಗ ತಂತಿ ಪಕ್ಕಕ್ಕೆ ಜಾರಿ, ಮರುಕ್ಷಣವೇ ತನ್ನ ಜಾಗಕ್ಕೆ ಮರಳುತ್ತ ಚೆಂಡನ್ನು ಬುಗುರಿಯಂತೆ ತಿರುಗಿಸುತ್ತದೆ. ಹಾಗೆ ತಿರುಗಿದ ಚೆಂಡು ಬಲೆಯ ಮೇಲೆ ಎತ್ತರಕ್ಕೆ ಹೋದರೂ ಗೆರೆಯೊಳಗೇ ಕುಸಿಯುತ್ತದೆ. ಇದರ ಮುನ್ಸೂಚನೆ 1977ರಲ್ಲೇ ಸಿಕ್ಕಿತ್ತು. ಎರಡು ಪದರ ತಂತಿಗಳಿದ್ದ ‘ಸ್ಪಗೆಟಿ’ ಎಂಬ ಹೆಸರಿನ ರ‍್ಯಾಕೆಟ್ ಒಂದು ಬಂದಿತ್ತು; ನಾವಾದರೆ ಶಾವಿಗೆ ರ‍್ಯಾಕೆಟ್ ಎನ್ನುತ್ತಿದ್ದೆವೇನೋ. ಅದರೆದುರು ಆಡಲಾರದೆ ಅರ್ಜೆಂಟೀನಾದ ಗಿಯೆರ್ಮೊ ವಿಲಾಸ್ ಅಂತಿಮ ಪಂದ್ಯವನ್ನೇ ಅರ್ಧಕ್ಕೆ ಬಿಟ್ಟು ನಡೆದ. ರ‍್ಯಾಕೆಟ್ ಎಂದರೆ ಹೇಗಿರಬೇಕೆಂಬ ನಿಯಮವೇ ಟೆನಿಸ್ಸಿನಲ್ಲಿ ಅಲ್ಲಿಯವರೆಗೆ ಇರಲಿಲ್ಲ! ಅಂತರರಾಷ್ಟ್ರೀಯ ಫೆಡರೇಷನ್ ಅದನ್ನು ನಿಷೇಧಿಸಿ 1978ರಲ್ಲಿ ನಿಯಮ ಬರೆಯಿತು. ಶಾವಿಗೆ ಹೋಯಿತು, ಇಪ್ಪತ್ತು ವರ್ಷಗಳ ಮೇಲೆ ಅದರ ಗುಣ ಪಾಲಿಯೆಸ್ಟರಿನ ರೂಪದಲ್ಲಿ, ನಿಯಮದೊಳಗೇ, ಮರಳಿ ಬಂತು.

ಒಂದು ಹಿತ, ಇನ್ನೊಂದು ಜಾಣ. ಎರಡನ್ನೂ ಕೂಡಿಸಿದರೆ? ನೇಕಾರರು ಇದನ್ನು ಎಂದೋ ಮಾಡಿದ್ದಾರೆ. ನಮ್ಮ ಇಳಕಲ್ ಸೀರೆಯನ್ನೇ ನೋಡಿ: ಒಡಲಿನ ಹಾಸು ಹತ್ತಿಯದು, ಸೆರಗಿನದು ರೇಷ್ಮೆಯದು, ಎರಡನ್ನೂ ಕೊಂಡಿಯಿಂದ ಬೆಸೆಯುತ್ತಾರೆ. ಒಡಲಿಗೆ ಬಾಳಿಕೆ, ಸೆರಗಿಗೆ ಹೊಳಪು. ರ‍್ಯಾಕೆಟ್ಟಿನ ಬಲೆಯೂ ಒಂದು ನೇಯ್ಗೆಯೇ. ಉದ್ದಕ್ಕೆ ಎಳೆದ ತಂತಿಗಳು ಹಾಸು, ಅವುಗಳ ಮೇಲೊಮ್ಮೆ ಕೆಳಗೊಮ್ಮೆ ಅಡ್ಡಕ್ಕೆ ತೂರಿಸಿದವು ಹೊಕ್ಕು. ಇತ್ತೀಚಿನ ರ‍್ಯಾಕೆಟ್ಟುಗಳಲ್ಲಿ ಬಹುಮಟ್ಟಿಗೆ ಹಾಸು 16, ಹೊಕ್ಕು 19. ಹಾಸಿಗೆ ಒಂದು ಜಾತಿಯ ತಂತಿ, ಹೊಕ್ಕಿಗೆ ಇನ್ನೊಂದು ಜಾತಿಯದು ಕಟ್ಟಿದರೆ ಅದೇ ‘ಹೈಬ್ರಿಡ್’. ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್ ಹಾಸಿಗೆ ಕರುಳು, ಹೊಕ್ಕಿಗೆ ಲಕ್ಸಿಲಾನ್ ಪಾಲಿಯೆಸ್ಟರ್ ಕಟ್ಟಿಸುತ್ತಿದ್ದರು. ಬ್ರಿಟನ್ನಿನ ಆಂಡಿ ಮರ‍್ರೆ ಅದನ್ನು ತಿರುವುಮುರುವು ಮಾಡಿ ಪಾಲಿಯೆಸ್ಟರನ್ನು ಹಾಸಿಗೆ, ಕರುಳನ್ನು ಹೊಕ್ಕಿಗೆ ಹಾಕಿಸಿದರು. ಚೆಂಡಿನ ಹೊಡೆತವನ್ನು ಹೆಚ್ಚಾಗಿ ತಾಳುವುದು ಹಾಸು; ಆದ್ದರಿಂದ ಹಾಸಿನ ತಂತಿಯ ಸ್ವಭಾವವೇ ರ‍್ಯಾಕೆಟ್ಟಿನ ಸ್ವಭಾವವಾಗುತ್ತದೆ. ಹಾಸಿಗೆ ಕರುಳಾದರೆ ಮೃದು, ಪಾಲಿಯೆಸ್ಟರಾದರೆ ಕಟ್ಟುನಿಟ್ಟು.

ಆದರೆ ಎರಡು ಸ್ವಭಾವದವನ್ನು ಒಂದೇ ಚೌಕಟ್ಟಿಗೆ ಕಟ್ಟುವಾಗ ಎರಡಕ್ಕೂ ಒಂದೇ ಬಿಗಿ ಸಲ್ಲದು. ಇದು ಈ ಕಸುಬಿನ ಮುಖ್ಯ ಪಾಠ. ಪಾಲಿಯೆಸ್ಟರ್ ಹುಟ್ಟಾ ಗಡಸು. ಕರುಳಿನಷ್ಟೇ ಎಳೆದರೆ ಹಲಗೆಯಂತಾಗುತ್ತದೆ. ಆದ್ದರಿಂದ ಅದು ಹಾಸಿನಲ್ಲಿರಲಿ ಹೊಕ್ಕಿನಲ್ಲಿರಲಿ, ಕರುಳಿಗಿಂತ ಎರಡರಿಂದ ನಾಲ್ಕು ಪೌಂಡ್ ಸಡಿಲವಾಗಿ ಕಟ್ಟುವುದು ರೂಢಿ. ಕರುಳು 55 ಇದ್ದರೆ ಪಾಲಿಯೆಸ್ಟರ್ 52. ಇಡೀ ರ‍್ಯಾಕೆಟ್ಟಿಗೇ ಪಾಲಿಯೆಸ್ಟರ್ ಕಟ್ಟುವುದಾದರಂತೂ ಮೊದಲಿಗಿಂತ ನೂರಕ್ಕೆ ಹತ್ತರಷ್ಟು ಇಳಿಸಬೇಕೆನ್ನುತ್ತಾರೆ. ಇನ್ನೊಂದು ತೊಡಕುಂಟು. ಪಾಲಿಯೆಸ್ಟರ್ ಕಟ್ಟಿದ ಮೊದಲ ದಿನದಿಂದಲೇ ಬಿಗಿ ಕಳೆದುಕೊಳ್ಳುತ್ತ ಹೋಗುತ್ತದೆ, ಕೆಲವು ವಾರಗಳಲ್ಲಿ ಸತ್ತ ತಂತಿಯಾಗುತ್ತದೆ. ಹರಿಯುವುದಿಲ್ಲ, ಆದರೆ ಜೀವವಿರುವುದಿಲ್ಲ. ‘ಹರಿದಿಲ್ಲವಲ್ಲ, ಯಾಕೆ ಬದಲಿಸಬೇಕು’ ಎಂದು ಮನೆಯವರು ವರ್ಷಗಟ್ಟಲೆ ಅದರಲ್ಲೇ ಆಡಿಸುತ್ತಾರೆ. ಹಿಡಿಕಾಸಿನ ಸಂಸಾರದಲ್ಲಿ ಇದು ತಪ್ಪೆನ್ನಲೂ ಬಾಯಿ ಬಾರದು.

ಊರೂ ಬಿಗಿಯನ್ನು ನಿರ್ಧರಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ, ಹಾರಾಟ ಹೆಚ್ಚು. ಮಂಗಳೂರಿನಲ್ಲೋ ಚೆನ್ನೈಯಲ್ಲೋ ಸರಿಯಾಗಿದ್ದ ರ‍್ಯಾಕೆಟ್ ಇಲ್ಲಿ ಚೆಂಡನ್ನು ಗೆರೆಯಾಚೆ ಕಳಿಸಿದರೆ ಒಂದೆರಡು ಪೌಂಡ್ ಏರಿಸಿಕೊಳ್ಳಬೇಕು. ಕಬ್ಬನ್ ಪಾರ್ಕಿನಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳಕ್ಕೆ ಬಂದ ಪರದೇಶದವರೆಲ್ಲ ಈ ಲೆಕ್ಕ ಹಾಕಿಯೇ ಆಡಿರಬೇಕು. 2008ರ ಮಾರ್ಚಿನಲ್ಲಿ ಸೆರೀನಾ ವಿಲಿಯಮ್ಸ್ ಅಲ್ಲಿ ಅಕ್ಕ ವೀನಸ್ಸನ್ನು ಸೆಮಿಫೈನಲ್ಲಿನಲ್ಲೂ ಪ್ಯಾಟಿ ಶ್ನೈಡರಳನ್ನು ಫೈನಲ್ಲಿನಲ್ಲೂ ಸೋಲಿಸಿ ಬೆಂಗಳೂರು ಓಪನ್ ಗೆದ್ದಳು. ತೋಳಿನಲ್ಲಿ ಅಷ್ಟು ಕಸುವಿದ್ದ ಆಕೆ ನಂಬಿದ್ದು ಮೃದುವಾದ ಕರುಳಿನ ತಂತಿಯನ್ನು. 2014ರ ಸೆಪ್ಟೆಂಬರಿನಲ್ಲಿ ಅದೇ ಅಂಗಳದಲ್ಲಿ ಸರ್ಬಿಯಾ ವಿರುದ್ಧದ ಡೇವಿಸ್ ಕಪ್ಪಿನ ಡಬಲ್ಸ್ ಪಂದ್ಯದಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ, ಲಿಯಾಂಡರ್ ಪೇಸ್ ಜೋಡಿ ಮೊದಲೆರಡು ಸೆಟ್ ಸೋತ ಮೇಲೆ ಉಳಿದ ಮೂರನ್ನೂ ಗೆದ್ದಿತು. ಬೋಪಣ್ಣ 2024ರ ಜನವರಿಯಲ್ಲಿ, 43ರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಡಬಲ್ಸಿನಲ್ಲಿ ಜಗತ್ತಿನ ಮೊದಲನೆಯ ಸ್ಥಾನಕ್ಕೇರಿದ ಅತಿ ಹಿರಿಯರಾದರು. 2025ರ ನವೆಂಬರಿನಲ್ಲಿ ನಿವೃತ್ತಿ ಸಾರಿದರು. ಸವೆದ ಮೊಣಕಾಲನ್ನು ಅಯ್ಯಂಗಾರ್ ಯೋಗದಿಂದ ಉಳಿಸಿಕೊಂಡೆನೆಂದು ಅವರೇ ಹೇಳಿದ್ದಾರೆ. ದೇಹವನ್ನು ಕಾಪಾಡಿಕೊಂಡವರ ಆಟವೇ ಉಳಿಯುವುದು.

ನಮ್ಮ ಕುಂದಲಹಳ್ಳಿಯಲ್ಲಿ ಹೊಲಗದ್ದೆಗಳಿದ್ದ ಕಡೆ ಈಗ ಅಪಾರ್ಟ್‌ಮೆಂಟುಗಳು. ಅವುಗಳ ನಡುವೆ ಹಸಿರು ನೀಲಿ ಬಣ್ಣ ಬಳಿದ ಟೆನಿಸ್ ಅಂಗಳಗಳು. 2023ರಲ್ಲಿ ಮೆಟ್ರೊ ಬಂದ ಮೇಲೆ ರ‍್ಯಾಕೆಟ್ ಚೀಲ ಬೆನ್ನಿಗೇರಿಸಿದ ಮಕ್ಕಳು ಬೆಳಗಿನ ರೈಲಿನಲ್ಲೂ ಕಾಣಸಿಗುತ್ತಾರೆ. ನನ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಂಥವಳು. ಚುರುಕು ಹುಡುಗಿ. ಒಂದು ದಿನ ನೋಟ್ಸ್ ಬರೆಯಲಾರದೆ ಪೆನ್ನು ಕೆಳಗಿಟ್ಟಳು. ಕೇಳಿದರೆ ಮೊಣಕೈ ನೋವು. ಅವಳು ಹೋಗುತ್ತಿದ್ದ ತರಬೇತಿ ಕೇಂದ್ರದಲ್ಲಿ ದೊಡ್ಡ ಆಟಗಾರರಂತೆ ಎಂದು ಹದಿಮೂರು ಹದಿನಾಲ್ಕರ ಮಕ್ಕಳಿಗೂ ಇಡೀ ಪಾಲಿಯೆಸ್ಟರ್ ತಂತಿಯನ್ನು 56 ಪೌಂಡಿಗೆ ಕಟ್ಟಿಸುತ್ತಿದ್ದರು. ವೈದ್ಯರು ಆರು ವಾರ ವಿಶ್ರಾಂತಿ ಹೇಳಿದರು. ಮತ್ತೆ ಆಡುವಾಗ ತಂತಿ ಬದಲಿಸಿ, ಆದರೆ ಕರುಳಿನದು ಒಳ್ಳೆಯದು ಎಂದರು. ಅವಳ ತಾಯಿ ನನ್ನ ಬಳಿ ಬಂದು, “ಮೇಡಂ, ನಮ್ಮತ್ತೆ ಹಸುವಿನ ಕರುಳು ಅಂತ ಗೊತ್ತಾದ ಮೇಲೆ ಆ ಬ್ಯಾಟು ಹೊಸಲು ದಾಟಕೂಡದು ಅಂತಿದ್ದಾರೆ. ಈ ಮಗು ಆಟ ಬಿಡಲ್ಲ ಅಂತ ಅಳ್ತದೆ. ನೀವೇ ಒಂದು ಮಾತು ಹೇಳಿ” ಎಂದರು.

ನಾನು ಅವರ ಮನೆಗೆ ಹೋದೆ. ಅಜ್ಜಿ ನನ್ನನ್ನು ಆದರದಿಂದಲೇ ಕೂರಿಸಿ ಕಾಫಿ ಕೊಟ್ಟರು. ನಾನು ಹೊಲಿಗೆಯ ಮಾತೆತ್ತಿದೆ. ಒಂದು ಕಾಲದಲ್ಲಿ ನಮ್ಮ ಆಸ್ಪತ್ರೆಗಳಲ್ಲಿ ಹೆರಿಗೆಯ ನಂತರ ಹಾಕುತ್ತಿದ್ದ, ತಾನಾಗಿ ಕರಗುವ ಹೊಲಿಗೆಯ ದಾರಕ್ಕೆ ಕ್ಯಾಟ್‌ಗಟ್ ಎಂದೇ ಹೆಸರು. ಅದೂ ಕುರಿಯ ಅಥವಾ ದನದ ಕರುಳಿನದೇ. ಎಷ್ಟು ಮಡಿವಂತ ಮನೆಗಳ ಬಾಣಂತಿಯರ ಮೈಯಲ್ಲಿ ಅದು ಕರಗಿಹೋಗಿದೆಯೋ! ನಾವು ಕೈಮುಗಿದು ಕೇಳುವ ಕಛೇರಿಯ ಮೃದಂಗದ ಮುಚ್ಚಳಿಕೆಗೂ ಆಡಿನದಲ್ಲದೆ ದನ, ಎಮ್ಮೆಗಳ ಚರ್ಮ ಬೇಕು. ಇದನ್ನೆಲ್ಲ ಹೇಳಿದಾಗ ಅಜ್ಜಿ ತುಸು ಹೊತ್ತು ಸುಮ್ಮನಿದ್ದರು.

“ಟೀಚರಮ್ಮ, ನೀವ್ ಹೇಳೋದು ದಿಟವೇ ಇರಬಹುದು. ನನಗೆ ಹೊಲಿಗೆ ಹಾಕುವಾಗ ಯಾರೂ ಕೇಳ್ಲಿಲ್ಲ, ನಾನೂ ಕೇಳೋ ಸ್ಥಿತೀಲಿರ್ಲಿಲ್ಲ. ಅದು ಪ್ರಾಣ ಉಳಿಸೋಕೆ. ಇದು ಆಟಕ್ಕಲ್ವಾ? ಆಟಕ್ಕೆ ಬೇರೆ ದಾರಿ ಇದ್ದೇ ಇರ್ತದೆ, ಹುಡುಕಿ” ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಬೇಕೆಂದೂ ಅನಿಸಲಿಲ್ಲ. ಪ್ರಾಣಕ್ಕೂ ಆಟಕ್ಕೂ ನಡುವೆ ಗೆರೆ ಎಳೆಯುವ ಹಕ್ಕು ಅವರಿಗಿತ್ತು. ಅವರು ಮೊಮ್ಮಗಳ ಆಟವನ್ನು ಬೇಡವೆನ್ನಲಿಲ್ಲ, ದಾರಿ ಹುಡುಕಿ ಎಂದರು ಎಂಬುದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ತಾಯಿ, ಮಗಳು, ನಾನು ಮೂವರೂ ಗಟ್ಟಿಂಗ್ ಮಾಡುವವನ ಬಳಿ ಹೋದೆವು. ದಾರಿ ಇದ್ದೇ ಇತ್ತು. ನೂರಾರು ಸಣ್ಣ ನೈಲಾನ್ ಎಳೆಗಳನ್ನು ಒಟ್ಟಿಗೆ ಹೊಸೆದು, ಕರುಳಿನ ಮೃದುತ್ವವನ್ನು ಅನುಕರಿಸುವ ‘ಮಲ್ಟಿಫಿಲಮೆಂಟ್’ ತಂತಿ ಸಿಗುತ್ತದೆ. ಕರುಳಿನಷ್ಟು ಹಿತವಲ್ಲ, ಅಷ್ಟು ಕಾಲ ಬಿಗಿ ಉಳಿಸಿಕೊಳ್ಳುವುದೂ ಇಲ್ಲ. ಆದರೆ ಬೆಲೆ ಎಟುಕುತ್ತದೆ, ಮಳೆಗೂ ಹೆದರುವುದಿಲ್ಲ. ಹಾಸಿಗೆ ಅದನ್ನು 50 ಪೌಂಡಿಗೆ, ಹೊಕ್ಕಿಗೆ ತೆಳು ಪಾಲಿಯೆಸ್ಟರನ್ನು 47ಕ್ಕೆ ಕಟ್ಟಿಸಿದೆವು. ಮೂರು ತಿಂಗಳಿಗೊಮ್ಮೆ, ಹರಿಯಲಿ ಬಿಡಲಿ, ಬದಲಿಸಬೇಕೆಂದು ತಾಯಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.

ವಿಶ್ರಾಂತಿ ಮುಗಿದ ಮೇಲೆ ಹುಡುಗಿ ಅಂಗಳಕ್ಕಿಳಿದಳು. ಮೊದಲ ವಾರ ಚೆಂಡುಗಳು ಗೆರೆಯಾಚೆ ಹಾರಿದುವಂತೆ. ಅವಳಿಗೆ ಸಿಟ್ಟು ಬಂದು ಮತ್ತೆ ಬಿಗಿ ಏರಿಸಿ ಎಂದಳು. ಎರಡೇ ಪೌಂಡ್ ಏರಿಸಿದರು, ಅಲ್ಲಿಗೆ ನಿಂತಿತು. ನೋವು ಹೋದದ್ದು ವಿಶ್ರಾಂತಿಯಿಂದಲೋ, ತಂತಿಯಿಂದಲೋ, ವೈದ್ಯರು ಹೇಳಿಕೊಟ್ಟ ವ್ಯಾಯಾಮದಿಂದಲೋ ನಾನು ಹೇಳಲಾರೆ. ಮೂರೂ ಸೇರಿಯೇ ಇರಬೇಕು. ಅವಳು ಜಿಲ್ಲೆಗೆ ಮೊದಲಿಗಳೇನೂ ಆಗಿಲ್ಲ. ಆದರೆ ನೋಟ್ಸ್ ಬರೆಯುತ್ತಾಳೆ, ಆಡುತ್ತಾಳೆ, ರ‍್ಯಾಕೆಟ್ ಚೀಲ ಹೊಸಲಿನೊಳಗೆ ಗೋಡೆಗೆ ಒರಗಿಕೊಂಡಿರುತ್ತದೆ.

ನಮ್ಮ ಹೆಣ್ಣುಮಕ್ಕಳು ಇಂದು ಎಲ್ಲ ಆಟಕ್ಕೂ ಇಳಿಯುತ್ತಿದ್ದಾರೆ. ಸಂತೋಷವೇ. ಸಾವಿರಾರು ರೂಪಾಯಿಯ ಬೂಟು, ಬಣ್ಣದ ಉಡುಪು ಕೊಡಿಸುವ ನಾವು ಅವರ ತೋಳಿಗೆ ಎಷ್ಟು ಬಿಗಿ ತಕ್ಕುದೆಂದು ಒಮ್ಮೆ ಕೇಳುವುದಿಲ್ಲ. ದೊಡ್ಡವರಿಗೆ ಒಪ್ಪಿದ ಬಿಗಿ ಮಕ್ಕಳಿಗೆ ಒಪ್ಪಬೇಕಿಲ್ಲ. ಗಡಸು ಸ್ವಭಾವದ್ದಕ್ಕೆ ಎಳೆತ ಕಡಿಮೆಯೇ ಇರಬೇಕು. ಹರಿಯದೇ ಇದ್ದ ಮಾತ್ರಕ್ಕೆ ತಂತಿಯಲ್ಲಿ ಜೀವವಿದೆ ಎಂದುಕೊಳ್ಳಬಾರದು. ನಿಮ್ಮ ಮನೆಯಲ್ಲೂ ರ‍್ಯಾಕೆಟ್ ಹಿಡಿದ ಮಗಳಿದ್ದರೆ ಮುಂದಿನ ಸಲ ಗಟ್ಟಿಂಗಿಗೆ ಕೊಡುವಾಗ ಯಾವ ತಂತಿ, ಎಷ್ಟು ಪೌಂಡ್, ಕಟ್ಟಿಸಿ ಎಷ್ಟು ದಿನವಾಯಿತು ಎಂಬ ಮೂರು ಪ್ರಶ್ನೆ ಕೇಳಿ. ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಅಂಗಡಿಯವನಿಗಲ್ಲ, ಮಗಳಿಗೇ ಕೇಳಬೇಕು: ಕೈ ನೋಯುತ್ತಿದೆಯೇನಮ್ಮ?